ನಾಲ್ಕು ಹೆಸರಿನ ಆಸ್ಕರ್ ಮರಿಗಳು ಬೆಳೆದು ಏನಾದವು

ಮಂಗಳೂರಿನ ಅಕ್ವೇರಿಯಂ ಅಂಗಡಿಗೆ ಹೋಗಿ ಆಸ್ಕರ್ ಮೀನಿನ ಮರಿ ಬೇಕು ಅಂದರೆ ಎದುರಿಗೆ ಬರುವುದು ಹೆಸರುಗಳ ರಾಶಿ. ಟೈಗರ್, ರೆಡ್, ಕಾಪರ್, ಅಲ್ಬಿನೋ, ಲೆಮನ್, ಲಾಂಗ್ ಫಿನ್. ಪ್ರತಿ ಹೆಸರಿಗೂ ಬೇರೆ ಬೇರೆ ರೇಟ್. ತೊಟ್ಟಿಯೊಳಗೆ ನೋಡಿದರೆ ಮಾತ್ರ ಹೆಚ್ಚಿನವು ಕಪ್ಪು ಮೈ, ಅದರ ಮೇಲೆ ಬಿಳಿ ಮತ್ತು ಕಿತ್ತಳೆ ಬಣ್ಣದ ಅಲೆ ಅಲೆ ಗೆರೆ, ತಲೆ ಮೇಲೆ ಬಿಳಿ ಚುಕ್ಕಿ, ಎಲ್ಲವೂ ಒಂದೇ ಥರ. ನಾನು ತಂದದ್ದು ನಾಲ್ಕು ಮರಿ, ನಾಲ್ಕೂ ಬೇರೆ ಹೆಸರಿನವು: ಒಂದು ಟೈಗರ್, ಒಂದು ರೆಡ್, ಒಂದು ಅಲ್ಬಿನೋ, ಒಂದು ಲೆಮನ್. ಅಂಗಡಿಯವರು ಹೇಳಿದ ಹೆಸರು ಕೊನೆಯವರೆಗೆ ಉಳಿದದ್ದು ಟೈಗರ್‌ಗೆ ಮಾತ್ರ. ಉಳಿದ ಮೂರು ಏನಾದವು, ಹೇಗೆ ಗುರುತು ಸಿಕ್ಕಿತು, ಅಷ್ಟರವರೆಗೆ ಅವನ್ನು ಸಾಕಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ಹೊಸದಾಗಿ ಆಸ್ಕರ್ ಸಾಕಬೇಕು ಅಂತ ಇರುವವರಿಗೆ ಇದು ಬೇಕಾಗುತ್ತದೆ ಅನಿಸುತ್ತದೆ.

ಮೊದಲು ಒಂದು ವಿಷಯ. ಈ ಹೆಸರುಗಳೆಲ್ಲ ಬೇರೆ ಬೇರೆ ಜಾತಿಯ ಹೆಸರಲ್ಲ. ಅಂಗಡಿಗೆ ಬರುವ ಆಸ್ಕರ್ ಬಹುತೇಕ ಎಲ್ಲವೂ ಆಸ್ಟ್ರೊನೋಟಸ್ ಒಸೆಲ್ಲೇಟಸ್ ಎಂಬ ಒಂದೇ ಜಾತಿ, ಸಾಕಣೆಯಲ್ಲಿ ಆರಿಸಿ ಆರಿಸಿ ಬಣ್ಣ ಬದಲಿಸಿದ್ದು. ಮೂಲ ಊರು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶ. 1831ರಲ್ಲಿ ಲೂಯಿ ಅಗಾಸಿಜ್ ಇದನ್ನು ಮೊದಲು ವಿವರಿಸಿದಾಗ ಸಮುದ್ರದ ಮೀನು ಅಂದುಕೊಂಡು ಲೋಬೋಟಿಸ್ ಎಂಬ ಕುಲಕ್ಕೆ ಸೇರಿಸಿದ್ದರು. ಆ ಕುಲದ ನಿಜವಾದ ಮೀನು ನಮ್ಮ ಅರಬ್ಬಿ ಸಮುದ್ರದಲ್ಲೂ ಉಂಟು. ಮೈಯ ಆಕಾರ ನೋಡಿದರೆ ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಆಸ್ಟ್ರೊನೋಟಸ್ ಕುಲದಲ್ಲಿ ಇನ್ನೂ ಎರಡು ಜಾತಿ ಇವೆ. ಒಂದು ಕ್ರಾಸಿಪಿನ್ನಿಸ್, 1840ರಲ್ಲಿ ಹೆಕೆಲ್ ವಿವರಿಸಿದ್ದು, ಪರಾಗ್ವೆ ನದಿ, ಬೊಲಿವಿಯಾ ಕಡೆಯದ್ದು. ಇನ್ನೊಂದು ಮಿಕೋಲ್ಜಿ, ವೆನೆಜುವೆಲಾದ ಒರಿನೊಕೊ ಕಡೆಯದ್ದು, ಇದಕ್ಕೆ ಹೆಸರು ಸಿಕ್ಕಿದ್ದೇ 2022ರಲ್ಲಿ. ಇವೆರಡು ನಮ್ಮ ಊರಿನ ಅಂಗಡಿಯಲ್ಲಿ ನಾನು ನೋಡಿಲ್ಲ. ಯಾರಾದರೂ 'ವೈಲ್ಡ್ ಆಸ್ಕರ್, ಬೇರೆ ಜಾತಿ' ಅಂತ ಜಾಸ್ತಿ ಹಣ ಕೇಳಿದರೆ ಬೆನ್ನಿನ ರೆಕ್ಕೆಯ ಬುಡ ನೋಡಿ. ಒಸೆಲ್ಲೇಟಸ್‌ನಲ್ಲಿ ಬಾಲದ ಬುಡದ ಕಣ್ಣಿನಂಥ ಚುಕ್ಕೆ ಅಲ್ಲದೆ ಬೆನ್ನಿನ ರೆಕ್ಕೆಯ ಬುಡದಲ್ಲೂ ಅಂಥ ಚುಕ್ಕೆ ಅನೇಕ ಮೀನುಗಳಿಗೆ ಇರುತ್ತವೆ, ಕ್ರಾಸಿಪಿನ್ನಿಸ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇದೊಂದನ್ನೇ ನೋಡಿ ತೀರ್ಮಾನ ಮಾಡುವುದಕ್ಕೆ ಆಗುವುದಿಲ್ಲ, ಎಲ್ಲಿಂದ ಹಿಡಿದ ಮೀನು ಅಂತ ಗೊತ್ತಿರಬೇಕು.

ಮರಿ ತರುವ ಮೊದಲೇ ಟ್ಯಾಂಕ್ ಮಾಡಿಸಿದೆ. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ತುಂಬ ತುಂಬಿಸಿದರೆ 560 ಲೀಟರ್ ದಾಟುತ್ತದೆ, ಅಂದರೆ ನೀರಿನ ಭಾರವೇ ಅರ್ಧ ಟನ್‌ಗಿಂತ ಜಾಸ್ತಿ. ಕುಲಶೇಖರದ ನಮ್ಮ ಮನೆ ಹಳೆಯದ್ದು, ಹಾಗಾಗಿ ಮಹಡಿ ಬೇಡ ಅಂತ ಕೆಳಗಿನ ಚಾವಡಿಯಲ್ಲೇ ಕಬ್ಬಿಣದ ಸ್ಟ್ಯಾಂಡ್ ಇಡಿಸಿದೆ. ಅಮ್ಮ ನೋಡಿ, "ಇಷ್ಟು ಸಣ್ಣ ಮೀನಿಗೆ ಇಷ್ಟು ದೊಡ್ಡ ಪೆಟ್ಟಿಗೆ ಎಂತಕ್ಕೆ ಮಾರಾಯ?" ಅಂತ ಕೇಳಿದರು. ಕೇಳುವ ಪ್ರಶ್ನೆಯೇ. ಬೆರಳುದ್ದದ ಮರಿ ಮೊದಲ ಕೆಲವು ತಿಂಗಳು ತಿಂಗಳಿಗೆ ಹೆಚ್ಚುಕಡಿಮೆ ಒಂದು ಇಂಚು ಬೆಳೆಯುತ್ತದೆ, ವರ್ಷ ತುಂಬುವಾಗ ಅಂಗೈಗಿಂತ ದೊಡ್ಡದು. ಸಾಕಿದ ಮೀನು ಒಂದು ಅಡಿಯವರೆಗೆ ಬೆಳೆಯುವುದು ಮಾಮೂಲು, ಹತ್ತು ವರ್ಷ ಮೇಲೆ ಬದುಕುತ್ತದೆ. ಎರಡು ಅಡಿ ಟ್ಯಾಂಕಿಗೆ ಜೋಡಿ ಆಸ್ಕರ್ ಕೊಡುವ ಅಂಗಡಿಯವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಟ್ಯಾಂಕಿನ ಅಳತೆಗೆ ತಕ್ಕ ಹಾಗೆ ಮೀನು ಬೆಳೆಯುತ್ತದೆ ಅಂತ ಹೇಳುತ್ತಾರಲ್ಲ, ಅದು ಸುಳ್ಳು. ಕೊಳೆ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಆಯುಷ್ಯವೂ ಕಡಿಮೆಯಾಗುತ್ತದೆ, ಅಷ್ಟೇ.

ನೀರಿನ ವಿಷಯ ನಮ್ಮ ಕರಾವಳಿಯಲ್ಲಿ ಸ್ವಲ್ಪ ಬೇರೆ. ನಮ್ಮದು ಮುರಕಲ್ಲಿನ ಬಾವಿ. ಇಲ್ಲಿನ ಬಾವಿ ನೀರು ತುಂಬಾ ಮೆದು, ಹುಳಿ ಕಡೆಗೆ ವಾಲುವಂಥದ್ದು. ನಮ್ಮ ಬಾವಿಯಲ್ಲಿ ಪಿಎಚ್ (ನೀರಿನ ಹುಳಿಯ ಅಳತೆ, ಏಳಕ್ಕಿಂತ ಕೆಳಗೆ ಹೋದಷ್ಟು ಹುಳಿ ಜಾಸ್ತಿ) ಆರರ ಆಸುಪಾಸು ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಕೆಳಗೆ. ಅಮೆಜಾನ್ ಮೀನಿಗೆ ಇದು ಒಳ್ಳೆಯದೇ ಅಲ್ವಾ ಅಂತ ಅನಿಸಬಹುದು. ಮೀನಿಗೆ ತೊಂದರೆ ಇಲ್ಲ, ತೊಂದರೆ ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ. ಮೀನಿನ ಹೇಲು, ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾಡುವುದು ಈ ಬ್ಯಾಕ್ಟೀರಿಯಾ. ಆ ಕೆಲಸ ನಡೆಯುವಾಗ ನೀರು ಇನ್ನಷ್ಟು ಹುಳಿಯಾಗುತ್ತದೆ. ಮೆದು ನೀರಿನಲ್ಲಿ ಅದನ್ನು ತಡೆಯುವ ಸುಣ್ಣದ ಅಂಶ ಇಲ್ಲ, ಹಾಗಾಗಿ ಪಿಎಚ್ ಇಳಿಯುತ್ತಾ ಹೋಗುತ್ತದೆ, ಆರಕ್ಕಿಂತ ಕೆಳಗೆ ಹೋದ ಮೇಲೆ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗಿ ಅಮೋನಿಯಾ ಕೂಡಿಕೊಳ್ಳುತ್ತದೆ.

ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇತ್ತು. ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪು. ಮರುವಾಯಿ ಪುಂಡಿ ಮಾಡಿದ ಮೇಲೆ ಉಳಿಯುವ ಚಿಪ್ಪನ್ನು ಚೆನ್ನಾಗಿ ಕುದಿಸಿ, ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟೆ. ನೀರು ಹುಳಿಯಾದಷ್ಟು ಚಿಪ್ಪು ಕರಗಿ ಅದನ್ನು ಸರಿದೂಗಿಸುತ್ತದೆ. ಮೀನು ಬಿಡುವ ಮೊದಲೇ ಇಡುವುದು ಒಳ್ಳೆಯದು. ಮೀನು ಇರುವ ಟ್ಯಾಂಕ್ ಆದರೆ ಮೊದಲು ನೀರು ಬದಲಿಸಿ ಅಮೋನಿಯಾ ತೆಗೆಯಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಚಿಪ್ಪು ಹಾಕುತ್ತಾ ಹೋಗಬೇಕು. ಯಾಕೆಂದರೆ ಹುಳಿ ನೀರಿನಲ್ಲಿ ಅಮೋನಿಯಾದ ವಿಷ ಕಡಿಮೆ ಇರುತ್ತದೆ, ಪಿಎಚ್ ಒಮ್ಮೆಲೇ ಏರಿಸಿದರೆ ಅದೇ ಅಮೋನಿಯಾ ಮೀನಿಗೆ ವಿಷವಾಗುತ್ತದೆ. ಪೇಟೆಯಲ್ಲಿ ತುಂಬೆ ಅಣೆಕಟ್ಟಿನ ನಳ್ಳಿ ನೀರು ಬಳಸುವವರಿಗೆ ಚಿಂತೆ ಬೇರೆ. ಅದರಲ್ಲಿ ಕ್ಲೋರಿನ್ ಇರುತ್ತದೆ, ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಟ್ಯಾಂಕಿಗೆ ಬಿಡಬಾರದು.

ಹೀಟರ್ ನಮ್ಮಲ್ಲಿ ಬೇಕಾಗಿಲ್ಲ. ಡಿಸೆಂಬರ್ ರಾತ್ರಿಯಲ್ಲೂ ಚಾವಡಿಯ ನೀರು ಮೀನಿಗೆ ಸಾಕಷ್ಟು ಬೆಚ್ಚಗೇ ಇರುತ್ತದೆ. ಕಷ್ಟ ಏಪ್ರಿಲ್, ಮೇ ತಿಂಗಳಲ್ಲಿ. ನೀರು 31 ಡಿಗ್ರಿ ಮುಟ್ಟಿದಾಗ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮುಚ್ಚಳದ ಒಂದು ಬದಿ ಜಾಲರಿ ಹಾಕಿ ಅದರ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ, ಹಾಗಾಗಿ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಇಟ್ಟುಕೊಳ್ಳಲೇಬೇಕು.

ಇನ್ನು ಮೀನುಗಳ ಕಥೆ.

ಟೈಗರ್ ಅಂತ ತಂದದ್ದು ಟೈಗರೇ ಆಯಿತು. ಮರಿಯಲ್ಲಿದ್ದ ಬಿಳಿ ಗೆರೆ ಮೊದಲು ಮಾಸಿತು, ಆಮೇಲೆ ಕಿತ್ತಳೆ ಬಣ್ಣ ಕಪ್ಪು-ಬೂದು ಮೈಮೇಲೆ ತುಂಡು ತುಂಡಾಗಿ ಹರಡಿತು. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ, ಅದರ ಸುತ್ತ ಕಿತ್ತಳೆ ಬಳೆ. ಕಾಡಿನ ಮೀನಿಗೂ ಇರುವ ಗುರುತು ಇದು. ಪಿರಾನ್ಹಾದಂಥ ಮೀನು ಬಾಲ ಕಚ್ಚುವುದಕ್ಕೆ ಬಂದಾಗ ಅದನ್ನು ಕಣ್ಣು ಅಂತ ತಿಳಿದು ಹಿಂಜರಿಯುತ್ತದೆ ಎನ್ನುವುದು ಮೀನು ತಜ್ಞರ ವಿವರಣೆ.

ರೆಡ್ ಅಂತ ಕೊಟ್ಟದ್ದರ ಬಗ್ಗೆ ಅಂಗಡಿಯಲ್ಲೇ ಅನುಮಾನ ಇತ್ತು. "ಅಣ್ಣ, ಇದು ರೆಡ್ಡಾ, ಟೈಗರಾ?" ಅಂತ ಕೇಳಿದ್ದೆ. "ರೆಡ್ಡೇ ಸರ್, ಬಣ್ಣ ಆಮೇಲೆ ಬರ್ತದೆ" ಅಂದರು. ಆ ಮಾತಿನಲ್ಲಿ ಅರ್ಧ ಸತ್ಯ ಉಂಟು, ಬಣ್ಣ ಬರುವುದು ಆಮೇಲೆಯೇ. ಆದರೆ ಎಂಥ ಬಣ್ಣ ಬರುತ್ತದೆ ಅಂತ ಮೂರು ಇಂಚು ದಾಟಿದ ಮೇಲೆ ನೋಡಿದರೆ ಗೊತ್ತಾಗುತ್ತದೆ. ನಿಜವಾದ ರೆಡ್‌ನಲ್ಲಿ ಪಕ್ಕೆಯ ಕೆಂಪು ಒಡೆಯದೆ ಒಂದೇ ಹಾಳೆಯ ಹಾಗೆ ಹರಡಿಕೊಳ್ಳುತ್ತದೆ, ತಲೆ ಮತ್ತು ರೆಕ್ಕೆ ಮಾತ್ರ ಕಪ್ಪಗೆ ಉಳಿಯುತ್ತವೆ. ನಡುವೆ ಕಪ್ಪು ಗೆರೆ ನುಗ್ಗಿ ಕೆಂಪನ್ನು ತುಂಡರಿಸಿದರೆ ಅದು ಟೈಗರ್, ಕೆಂಪು ಎಷ್ಟೇ ದಟ್ಟ ಇರಲಿ. ನಮ್ಮದರಲ್ಲಿ ತುಂಡುಗಳು ದೊಡ್ಡದಾದವು, ಕೂಡಿಕೊಳ್ಳಲಿಲ್ಲ. ಹಾಗಾಗಿ ಅದು ಕೆಂಪು ಜಾಸ್ತಿ ಇರುವ ಟೈಗರ್, ರೆಡ್ ಟೈಗರ್ ಅಂತ ಕರೆಯುವುದು ಇಂಥವನ್ನೇ. ಈ ಗುರುತು ಹಗಲಲ್ಲಿ, ಮೀನು ಆರಾಮಾಗಿ ಇರುವಾಗಲೇ ನೋಡಬೇಕು. ಆಸ್ಕರ್ ಹೆದರಿದಾಗ, ಜಗಳ ಮಾಡುವಾಗ, ರಾತ್ರಿ ಮಲಗಿದಾಗ ನಿಮಿಷದೊಳಗೆ ಬಣ್ಣ ಬದಲಿಸುತ್ತದೆ. ಬೆಳಿಗ್ಗೆ ಲೈಟ್ ಹಾಕಿದ ಕೂಡಲೇ ಫೋಟೋ ತೆಗೆದು ಇದು ಯಾವುದು ಅಂತ ಕೇಳುವವರಿಗೆ ಅದಕ್ಕೇ ಉತ್ತರ ಸಿಗುವುದಿಲ್ಲ.

ಅಲ್ಬಿನೋ ಅಂದರೆ ಬಿಳಿ ಆಸ್ಕರ್ ಅಂತಲೇ ಎಲ್ಲರೂ ತಿಳಿಯುವುದು. ಬಿಳಿ ಮೈ ಇದ್ದ ಮಾತ್ರಕ್ಕೆ ಅಲ್ಬಿನೋ ಅಲ್ಲ. ಕಣ್ಣು ನೋಡಬೇಕು. ಅಲ್ಬಿನೋದಲ್ಲಿ ಕಪ್ಪು ಬಣ್ಣವೇ ಹುಟ್ಟುವುದಿಲ್ಲ, ಹಾಗಾಗಿ ಕಣ್ಣಿನ ಪಾಪೆ ಕೂಡ ಗುಲಾಬಿ ಅಥವಾ ಕೆಂಪು. ಮೈ ಬಿಳಿ ಇದ್ದು ಕಣ್ಣು ಕಪ್ಪಾಗಿದ್ದರೆ ಅದು ಲುಟಿನೋ. ಮರಿಯಲ್ಲಿ ಕಣ್ಣು ಚಿಕ್ಕದು, ಅಂಗಡಿಯ ನೀಲಿ ಲೈಟಿನಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಮನೆಗೆ ತಂದ ಮೇಲೆ ಬದಿಯಿಂದ ಮೊಬೈಲ್ ಟಾರ್ಚ್ ಒಂದು ಕ್ಷಣ ಹಿಡಿದು ನೋಡಿದೆ, ಪಾಪೆ ಕಪ್ಪಗೇ ಇತ್ತು. ಬೆಳೆದ ಮೇಲೂ ಹಾಗೇ ಉಳಿಯಿತು. ನಮ್ಮದು ಲುಟಿನೋ. ಅದೇನೂ ಕಡಿಮೆ ಮೀನಲ್ಲ, ನನಗಂತೂ ನಾಲ್ಕರಲ್ಲಿ ಅದೇ ಹೆಚ್ಚು ಇಷ್ಟ, ಹಾಲಿನ ಬಣ್ಣದ ಮೈಮೇಲೆ ಕಿತ್ತಳೆ ಗೆರೆ, ನಡುವೆ ಕಪ್ಪು ಕಣ್ಣು. ಇನ್ನೊಂದು, ಬಿಳಿ ಮೀನಿನಲ್ಲೂ ಟೈಗರ್, ರೆಡ್ ಅಂತ ಉಂಟು. ಬಿಳಿ ಮೈಮೇಲೆ ಕಿತ್ತಳೆ ತುಂಡು ತುಂಡಾಗಿದ್ದರೆ ಅಲ್ಬಿನೋ ಟೈಗರ್, ಇಡೀ ಪಕ್ಕೆ ಕಿತ್ತಳೆ ಇದ್ದರೆ ಅಲ್ಬಿನೋ ರೆಡ್. ಲಾಂಗ್ ಫಿನ್ ಅನ್ನುವುದೂ ಹೀಗೆಯೇ, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ, ಯಾವ ಬಣ್ಣದ ಆಸ್ಕರ್‌ಗೂ ಉದ್ದ ರೆಕ್ಕೆ ಇರಬಹುದು. ಬಣ್ಣ, ಬಿಳಿ ಮೈ, ರೆಕ್ಕೆಯ ಉದ್ದ, ಈ ಮೂರನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅಂಗಡಿಯ ಹೆಸರುಗಳ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಲೆಮನ್ ಮಾತ್ರ ನಿಧಾನವಾಗಿ ಬದಲಾಯಿತು. ತಂದಾಗ ತಿಳಿ ಹಳದಿ. ಕೆಂಪು ಬಣ್ಣ ಏರಿಸುವ ಅಸ್ಟಾಕ್ಸಾಂಥಿನ್ ಇರುವ ಆಹಾರವನ್ನೇ ನಾಲ್ಕಕ್ಕೂ ಹಾಕುತ್ತಿದ್ದೆ, ಅದಕ್ಕೂ ಅದೇ ಹೋಗುತ್ತಿತ್ತು. ವರ್ಷ ಆಗುವ ಹೊತ್ತಿಗೆ ಹಳದಿ ಹೋಗಿ ಪೂರ್ತಿ ತಿಳಿ ಕಿತ್ತಳೆ. ಅಂಥ ಆಹಾರ ಮೈಯಲ್ಲಿ ಇರುವ ಬಣ್ಣವನ್ನು ಗಾಢ ಮಾಡುತ್ತದೆ, ಟೈಗರನ್ನು ರೆಡ್ ಮಾಡುವುದಕ್ಕೆ ಅದರಿಂದ ಆಗುವುದಿಲ್ಲ. ಹಳದಿ ಹಾಗೇ ಇರಬೇಕು ಅನ್ನುವವರು ಬಣ್ಣ ಏರಿಸುವ ಆಹಾರ ಹಾಕದೆ ನೋಡಬಹುದು.

ನೀಲಿ, ನೇರಳೆ, ಹಸಿರು ಆಸ್ಕರ್ ಕಂಡರೆ ತರಬೇಡಿ. ಬ್ಲೂಬೆರಿ ಅಂತೆಲ್ಲ ಹೆಸರು ಇಡುತ್ತಾರೆ. ಆಸ್ಕರ್‌ನಲ್ಲಿ ಹುಟ್ಟಿನಿಂದ ಆ ಬಣ್ಣ ಇಲ್ಲ. ಬಿಳಿ ಮೀನಿಗೆ ಸೂಜಿಯಿಂದ ಚುಚ್ಚಿಯೋ ಬೇರೆ ರೀತಿಯಲ್ಲೋ ಬಣ್ಣ ಹಿಡಿಸಿರುತ್ತಾರೆ, ಕೆಲವು ತಿಂಗಳಲ್ಲಿ ಮಾಸುತ್ತದೆ, ಅಷ್ಟರೊಳಗೆ ಎಷ್ಟೋ ಮೀನು ಸಾಯುತ್ತವೆ. ಕೊಳ್ಳುವವರು ಇಲ್ಲದಿದ್ದರೆ ತರಿಸುವವರೂ ನಿಲ್ಲಿಸುತ್ತಾರೆ.

ಆಹಾರದ ಬಗ್ಗೆ ನಮ್ಮ ಊರಿನವರಿಗೆ ಒಂದು ಮಾತು ಹೇಳಲೇಬೇಕು. ಬಂದರಿನ ಊರು, ಮೀನು ಸುಲಭವಾಗಿ ಸಿಗುತ್ತದೆ ಅಂತ ದಿನಾ ಕೊಲ್ಲತರು, ಬೂತಾಯಿ ಹಾಕುವವರು ಇದ್ದಾರೆ. ಅಂಥ ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಅನ್ನು ಹಾಳು ಮಾಡುವ ಅಂಶ ಇರುತ್ತದೆ, ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಆಸ್ಕರ್ ಸೊರಗುತ್ತದೆ. ಜೀವಂತ ಗೋಲ್ಡ್ ಫಿಶ್ ಹಾಕುವುದಂತೂ ಇನ್ನೂ ಕೆಟ್ಟದ್ದು, ಅದೇ ಅಂಶದ ಜೊತೆಗೆ ರೋಗವೂ ಬರುತ್ತದೆ. ನಾನು ಹಾಕುವುದು ಹೆಚ್ಚಾಗಿ ಒಳ್ಳೆಯ ಪೆಲೆಟ್. ವಾರಕ್ಕೆ ಒಂದೆರಡು ಸಲ ಸಿಪ್ಪೆ ತೆಗೆದ ಸಿಗಡಿ ಸಣ್ಣ ತುಂಡು ಮಾಡಿ. ಮಳೆ ಹಿಡಿದ ಮೇಲೆ ತೋಟದಲ್ಲಿ ಎರೆಹುಳ ಧಾರಾಳ ಸಿಗುತ್ತದೆ, ಮದ್ದು ಹೊಡೆಯದ ಜಾಗದ್ದು ತೊಳೆದು ಹಾಕಿದರೆ ಅವು ತಿನ್ನುವ ಗಡಿಬಿಡಿ ನೋಡಬೇಕು. ಆಸ್ಕರ್‌ಗೆ ಸಿ ವಿಟಮಿನ್ ಆಹಾರದಿಂದಲೇ ಸಿಗಬೇಕು, ಮೈಯಲ್ಲಿ ತಯಾರಾಗುವುದಿಲ್ಲ. ಡಬ್ಬಿ ತೆರೆದು ವರ್ಷ ಆದ ಪೆಲೆಟ್‌ನಲ್ಲಿ ಅದು ಉಳಿದಿರುವುದಿಲ್ಲ, ಹಾಗಾಗಿ ನಾನು ಸಣ್ಣ ಪ್ಯಾಕೇ ತರುವುದು.

ಉಡುಪಿಯಲ್ಲಿರುವ ಗೆಳೆಯನ ಆಸ್ಕರ್‌ಗೆ ತಲೆ ಮೇಲೆ ಸೂಜಿ ಚುಚ್ಚಿದಂತೆ ತೂತು ಬಿದ್ದಿತ್ತು. ತಲೆತೂತು ರೋಗ ಅಂತ ನಾವು ಹೇಳುತ್ತೇವೆ. ಹೊಟ್ಟೆಯೊಳಗಿನ ಸೂಕ್ಷ್ಮ ಪರಾವಲಂಬಿ, ಕೆಟ್ಟ ನೀರು, ಒಂದೇ ಥರದ ಆಹಾರ, ಈ ಎಲ್ಲದಕ್ಕೂ ಅದರ ಜೊತೆ ನಂಟು ಉಂಟು. ಆತನಿಗೆ ನಾನು ಮೊದಲು ಹೇಳಿದ್ದು ನೈಟ್ರೇಟ್ ನೋಡು ಅಂತ. ಅಳೆಯುವ ದ್ರಾವಣ ಕಡು ಕೆಂಪಾಯಿತು. ವಾರಕ್ಕೆ ಎರಡು ಸಲ ಅರ್ಧ ನೀರು ಬದಲಿಸಿ, ಆಹಾರ ಬದಲಿಸಿದ ಮೇಲೆ ತೂತು ದೊಡ್ಡದಾಗುವುದು ನಿಂತಿತು, ನಿಧಾನವಾಗಿ ಮುಚ್ಚಿಕೊಂಡಿತು, ಗುರುತು ಮಾತ್ರ ಉಳಿದಿದೆ. ಬೇಗ ಗಮನಿಸಿದ್ದರಿಂದ ಅಷ್ಟರಲ್ಲೇ ಮುಗಿಯಿತು. ಜಾಸ್ತಿ ಆದರೆ ಮೀನಿನ ವೈದ್ಯ ಗೊತ್ತಿರುವವರನ್ನು ಕೇಳಿ ಔಷಧಿ ಕೊಡಬೇಕು.

ಗಂಡು ಹೆಣ್ಣು ಯಾವುದು ಅಂತ ಬಣ್ಣ, ರೆಕ್ಕೆ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಯಾರಾದರೂ ಮರಿಯಲ್ಲೇ ಜೋಡಿ ಅಂತ ಮಾರಿದರೆ ನಂಬಬೇಡಿ. ನಮ್ಮಲ್ಲಿ ಟೈಗರ್ ಮತ್ತು ಲುಟಿನೋ ಒಟ್ಟಿಗೆ ಒಂದು ಮೂಲೆ ಹಿಡಿದು, ಜಲ್ಲಿ ಎಲ್ಲ ಬಾಯಲ್ಲಿ ಎತ್ತಿ ಆಚೆ ಹಾಕಿ, ಕಡಪ ಕಲ್ಲಿನ ತುಂಡನ್ನು ತಿಕ್ಕಲು ಶುರು ಮಾಡಿದಾಗಲೇ ಜೋಡಿ ಇರಬಹುದು ಅನಿಸಿದ್ದು. ಉಳಿದ ಎರಡನ್ನು ಹತ್ತಿರ ಬಿಡದೆ ಹೊಡೆಯುತ್ತಿದ್ದವು, ಹಾಗಾಗಿ ಆ ಎರಡು ಈಗ ಉಡುಪಿಯ ಅದೇ ಗೆಳೆಯನ ದೊಡ್ಡ ಟ್ಯಾಂಕಿನಲ್ಲಿವೆ. ಮೊದಲ ಸಲದ ಮೊಟ್ಟೆ ಎಲ್ಲ ಬಿಳಿಯಾಗಿ ಹಾಳಾದವು. ಆಗ ಎರಡೂ ಹೆಣ್ಣಾ ಅಂತ ಸಂಶಯ ಬಂತು, ಎರಡು ಹೆಣ್ಣು ಕೂಡ ಜೋಡಿಯ ಹಾಗೆ ನಡೆದುಕೊಂಡು ಮೊಟ್ಟೆ ಇಡುವುದುಂಟು. ಮುಂದಿನ ಸಲ ಒಡೆದು ಮರಿ ಬಂದವು. ಸಾವಿರಕ್ಕೂ ಮೇಲೆ ಮೊಟ್ಟೆ ಇಡುವ ಮೀನು ಇದು, ಅಪ್ಪ ಅಮ್ಮ ಇಬ್ಬರೂ ಕಾವಲು ನಿಲ್ಲುತ್ತವೆ, ರೆಕ್ಕೆ ಬೀಸಿ ನೀರು ಆಡಿಸುತ್ತವೆ. ನಾನು ಹತ್ತಿರ ಹೋದರೆ, ದಿನಾ ಕೈಯಿಂದ ತಿನ್ನುವ ಅದೇ ಮೀನು, ಗಾಜಿಗೆ ಬಂದು ಡಿಕ್ಕಿ ಹೊಡೆಯುತ್ತಿತ್ತು.

ಮರಿಗಳು ಬೆಳೆದ ಹಾಗೆ ನೋಡಿದರೆ ಒಂದೂ ಬಿಳಿ ಇಲ್ಲ, ಎಲ್ಲ ಕಪ್ಪು ಮೈಯ ಟೈಗರ್. ಬಿಳಿ ಮೈಯ ಗುಣ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದು. ನಮ್ಮ ಟೈಗರ್‌ನಲ್ಲಿ ಅದು ಇಲ್ಲ ಅಂತ ಆಯಿತು. ಈ ಮರಿಗಳೆಲ್ಲ ಆ ಗುಣವನ್ನು ಒಳಗೆ ಹೊತ್ತಿವೆ, ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ.

ಇಷ್ಟು ಮರಿ ಏನು ಮಾಡುವುದು? ಪಕ್ಕದ ಮನೆಯ ಮಾಮ, "ಫಲ್ಗುಣಿ ಹೊಳೆಗೆ ಬಿಡು, ಪುಣ್ಯ ಬರ್ತದೆ" ಅಂದರು. ಅವರಿಗೆ ಕೂತು ವಿವರಿಸಿದೆ. ಆಸ್ಕರ್ ಸಿಕ್ಕಿದ್ದನ್ನೆಲ್ಲ ನುಂಗುವ ಮೀನು, ಅಮೆರಿಕದ ಫ್ಲೋರಿಡಾದ ಕಾಲುವೆಗಳಲ್ಲಿ ಈಗಾಗಲೇ ನೆಲೆಯೂರಿದೆ. ಇಲ್ಲಿನ ನೀರು, ಬಿಸಿ ಎರಡೂ ಅದಕ್ಕೆ ಹಿತ. ನಮ್ಮ ಹೊಳೆಗಳಲ್ಲಿ ಇದರದ್ದೇ ಸಿಕ್ಲಿಡ್ ಕುಟುಂಬದ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನು ಉಂಟು, 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ್ದು. ಹೆಸರಲ್ಲೇ ನಮ್ಮ ಕೆನರಾ ಇದೆ, ಈ ಜಿಲ್ಲೆಯ ಸುತ್ತಮುತ್ತಲಿನ ಹೊಳೆ ಬಿಟ್ಟರೆ ಬೇರೆಲ್ಲೂ ಇಲ್ಲದ ಮೀನು. ಅದು ಇರುವ ನೀರಿಗೆ ಒಂದು ಆಸ್ಕರ್ ಬಿಡುವುದೂ ತಪ್ಪು. ಮಾಮ ಎಲ್ಲ ಕೇಳಿ, "ಹಾಗಾದರೆ ಬೇಡ ಬೇಡ" ಅಂದರು.

ಕೆಲವು ಮರಿ ದೊಡ್ಡ ಟ್ಯಾಂಕ್ ಇರುವ ಪರಿಚಯದವರಿಗೆ ಕೊಟ್ಟೆ. ಉಳಿದವನ್ನು ಒಂದು ಅಂಗಡಿಯವರು ತೆಗೆದುಕೊಳ್ಳುತ್ತೇನೆ ಅಂದರು, ಕೆಂಪು ಸ್ವಲ್ಪ ಜಾಸ್ತಿ ಇರುವವನ್ನು ರೆಡ್ ಅಂತ ಬರೆಯಲಾ ಅಂತಲೂ ಕೇಳಿದರು. ಟೈಗರ್ ಅಂತ ಬರೆಯುವುದಾದರೆ, ಮತ್ತೆ ನಾಲ್ಕು ಅಡಿಗಿಂತ ಸಣ್ಣ ಟ್ಯಾಂಕಿನವರಿಗೆ ಕೊಡುವುದಿಲ್ಲ ಅಂತ ಒಪ್ಪುವುದಾದರೆ ಹಣ ಬೇಡ, ಸುಮ್ನೆ ತೆಗೆದುಕೊಳ್ಳಿ ಅಂದೆ. ಒಪ್ಪಿದ್ದಾರೆ. ಮುಂದಿನ ವಾರ ಮರಿ ಕೊಂಡುಹೋಗಬೇಕು, ಅಷ್ಟರಲ್ಲಿ ಎಲ್ಲವೂ ಮೂರು ಇಂಚು ಮುಟ್ಟುತ್ತವೆ, ಗೆರೆ ನೋಡಿ ಗುರುತು ಹಿಡಿಯುವಷ್ಟು.